ಅರಗು ಮೆತ್ತಿದ ಗಿಂಡಿ

ಗಿರಾಕಿ ಅಂಗಡಿ ಮೆಟ್ಟಿಲು ಹತ್ತಿದರೆ ಬೇಖಾರತ್ನ ಶಾಕ್ಯ ಮೊದಲು ನೋಡುತ್ತಿದ್ದದ್ದು ಅವನ ಕಾಲು. ಮುಖ ಆಮೇಲೆ. ಕಾಲಿಗೆ ಮೆತ್ತಿದ ಕೆಂಪು ಮಣ್ಣು ಮೊಣಕಾಲಿನ ತನಕ ಇದ್ದರೆ ಊರು ದೂರ. ದೂರದವನು ಕೊಂಡ ಗಿಂಡಿಯನ್ನು ಮತ್ತೆ ಹೊತ್ತು ತಂದು ಜಗಳ ಆಡುವುದಿಲ್ಲ. ಹಾಗೆ ಕಂಡ ಕೂಡಲೇ ಅವನು ಒಳಗೆ ಕೂತ ಹೆಂಡತಿಗೆ ನೇವಾರಿ ಮಾತಿನಲ್ಲಿ, ಉಪ್ಪಿನ ಡಬ್ಬ ಕೇಳಿದಷ್ಟು ಸಲೀಸಾಗಿ ಹೇಳುತ್ತಿದ್ದ:

"ಹಿಂದಿನ ಸಾಲಿನದು ತೆಗಿ. ಇವನು ಮತ್ತೆ ಬರೋ ಪೈಕಿ ಅಲ್ಲ."

ಗಿರಾಕಿಗಳು ಸಾಹುನಿ ಎನ್ನುತ್ತಿದ್ದ ಆ ಹೆಂಡತಿ, ನಾನಿಛೋರಿ, ಹಿಂದಿನ ಸಾಲಿನಿಂದ ಥಳಥಳಿಸುವ ಹಿತ್ತಾಳೆ ಗಿಂಡಿಯೊಂದನ್ನು ತಂದು, ಸೆರಗಿನಿಂದ ಒರೆಸಿ ಇಡುತ್ತಿದ್ದಳು.

"ಸಾಹುನಿಗೆ ಏನೋ ಅಂದ್ರಲ್ಲ ಸಾಹೂಜಿ, ಏನಂದ್ರಿ?" ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

"ಏನಿಲ್ಲ ದಾಜು. ಮನೆ ಮಾತು."

ಪಾಲ್ಪಾದ ಗುಡ್ಡದ ಮೇಲಿನ ತಾನ್ಸೇನ್ ಪೇಟೆಯಲ್ಲಿ ಎರಡು ತಲೆಮಾರು ಹೀಗೆ ನಡೆದಿತ್ತು. ಎರಕ ಹೊಯ್ಯುವಾಗ ಗಾಳಿ ಸಿಕ್ಕಿ ಗಿಂಡಿಯ ತಳದಲ್ಲಿ ಸೂಜಿಮೊನೆಯಷ್ಟು ತೂತು ಉಳಿಯುವುದುಂಟು. ಮರ್ಯಾದೆ ಇದ್ದವನು ಅದನ್ನು ಕರಗಿಸಿ ಮತ್ತೆ ಹೊಯ್ಯುತ್ತಾನೆ. ಬೇಖಾರತ್ನನ ಅಪ್ಪ ಆ ತೂತಿಗೆ ಅರಗು ಮೆತ್ತಿ, ಮೇಲೆ ಹಿತ್ತಾಳೆಯ ಪುಡಿ ಉದುರಿಸಿ, ಬೂದಿ ಹಾಕಿ ಉಜ್ಜಿ ಹಿಂದಿನ ಸಾಲಿನಲ್ಲಿ ಇಡುವುದನ್ನು ಕಲಿಸಿದ. ತಣ್ಣೀರು ತುಂಬಿದರೆ ವರ್ಷಗಟ್ಟಲೆ ಸೋರುವುದಿಲ್ಲ. ಬಿಸಿನೀರು ಬಿದ್ದ ದಿನ ಬಣ್ಣ ಬಯಲು. ಗುಡ್ಡದ ಮಗರ್ ಜನ ಮಗಳ ಮದುವೆಗೆ ಅಂತ ಗಿಂಡಿ ಕೊಳ್ಳುತ್ತಾರೆ. ಅದು ಸೋರಿದಾಗ ಮಾತು ಕೇಳುವವಳು ಆ ಮನೆಗೆ ಹೊಸದಾಗಿ ಕಾಲಿಟ್ಟ ಹುಡುಗಿ. ಅಂಗಡಿಯವನಿಗೆ ಅದರ ಚಿಂತೆ ಯಾಕೆ?

ಅಪ್ಪನಿಂದ ಬಂದ ಇನ್ನೊಂದು ಆಸ್ತಿ ಈ ನೇವಾರಿ ಮಾತು. ಕಣಿವೆಯ ಕಾಠ್ಮಂಡುವಿನಿಂದ ವ್ಯಾಪಾರಕ್ಕೆಂದು ಬಂದು ಗುಡ್ಡಗಳ ಪೇಟೆಗಳಲ್ಲಿ ಬೇರು ಬಿಟ್ಟ ನೇವಾರರು ಮಾತನ್ನೂ ಹೊತ್ತು ತಂದಿದ್ದರು. ಆದರೆ ಅದನ್ನು ಎಲ್ಲಿಟ್ಟರು ನೋಡಿ. ಬೇಖಾರತ್ನ ತನ್ನ ಮಗ ಪೂರ್ಣರತ್ನನ ಹತ್ತಿರ ಆ ಮಾತು ಆಡಬಾರದೆಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದ್ದ. ಹುಡುಗ ಶಾಲೆಯಲ್ಲಿ ತಡವರಿಸಬಾರದು, ನೇಪಾಳಿ ನೀರು ಕುಡಿದಂತೆ ಬರಬೇಕು, ನಾಳೆ ಸರ್ಕಾರಿ ಕುರ್ಚಿ ಸಿಗಬೇಕು. ಹೀಗಾಗಿ ತೊಟ್ಟಿಲಿಗೆ ನೇಪಾಳಿ, ಗಲ್ಲಾಪೆಟ್ಟಿಗೆಗೆ ನೇವಾರಿ. ತಾಯಿನುಡಿಯನ್ನು ಮಗನಿಗೆ ಕೊಡದೆ ಮೋಸಕ್ಕೆ ಮಾತ್ರ ಜೋಪಾನ ಮಾಡಿದ ಈ ಮನುಷ್ಯ, ಹಬ್ಬದ ದಿನ ಎರಡು ಬಟ್ಟಲು ಐಲಾ ಸಾರಾಯಿ ಒಳಗೆ ಹೋದರೆ "ನಮ್ಮ ಮಾತು ಸಾಯ್ತಾ ಇದೆ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದ. ಇಂಥ ಕಣ್ಣೀರು ನಮ್ಮ ಪೇಟೆಯಲ್ಲಿ ಬಹಳ ಹರಿದಿದೆ.

ಅವನ ಬಾಯಲ್ಲಿ ಒಂದು ಕತೆ ಯಾವಾಗಲೂ ಇರುತ್ತಿತ್ತು. ಒಮ್ಮೆ ಕಾಠ್ಮಂಡುವಿಗೆ ಹೋದವನು ಅಸನ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ನೇವಾರಿಯಲ್ಲೇ ಬೆಲೆ ಕೇಳಿದ. ಅಂಗಡಿಯವನು ಕಿಸಕ್ಕೆಂದು ನಕ್ಕು ನೇಪಾಳಿಯಲ್ಲಿ ಉತ್ತರ ಕೊಟ್ಟ. ತಾನ್ಸೇನಿನವರ ನೇವಾರಿ ಅವರಿಗೆ ಕುಂಟು ಮಾತು. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದ. ಆ ಅಂಗಡಿಯವನು ಪಕ್ಕದವನಿಗೆ ತಮ್ಮ ಕಾಠ್ಮಂಡು ನೇವಾರಿಯಲ್ಲಿ, "ಗುಡ್ಡದ ಗಿರಾಕಿ, ಹುಳ ಹಿಡಿದ ಬಟ್ಟೆ ತಾನು ತೆಗಿ, ಗೊತ್ತಾಗಲ್ಲ" ಎಂದ.

"ನನಗೆ ಅರ್ಥ ಆಗಲ್ಲ ಅಂದ್ಕೊಂಡಿದ್ದ, ಕಳ್ಳ ನನ್ಮಗ!" ಬೇಖಾರತ್ನ ತೊಡೆ ತಟ್ಟಿ ಹೇಳುತ್ತಿದ್ದ. "ನಮ್ಮವರನ್ನೇ ನಮ್ಮ ಮಾತಲ್ಲೇ ಮೋಸ ಮಾಡ್ತಾರಲ್ಲ, ಇವರಿಗೆ ಒಳ್ಳೇದಾಗುತ್ತಾ?"

ಈ ಕತೆ ಹೇಳಿ ಮುಗಿಸಿ, ಬಂದ ಗಿರಾಕಿಯ ಕಾಲು ನೋಡಿ, "ಹಿಂದಿನ ಸಾಲಿನದು ತೆಗಿ" ಎನ್ನುತ್ತಿದ್ದ. ಒಂದು ದಿನವೂ ಅವನಿಗೆ ಏನೂ ಅನ್ನಿಸಲಿಲ್ಲ.

ಅಂಗಡಿಯ ಕೆಳಮೆಟ್ಟಿಲಿನ ಮೇಲೆ ಮನ್‌ಸರಾ ಆಲೇ ಕೂರುತ್ತಿದ್ದಳು. ಕೆಳಗಿನ ಕಣಿವೆಯ ಮಗರ್ ಹೆಂಗಸು. ಹಣೆಗೆ ಪಟ್ಟಿ ಕೊಟ್ಟು ಬೆನ್ನ ಮೇಲೆ ಸೌದೆ ಹೊತ್ತು ಹತ್ತಿ ಬಂದು, ಆಮೇಲೆ ಟಕ್ಸಾರ್ ಟೋಲು ಎಂಬ ನೇವಾರ ಕೇರಿಯ ಮನೆಗಳಿಗೆ ಕೊಡಗಟ್ಟಲೆ ನೀರು ತುಂಬಿಸಿ, ಇಳಿಯುವ ಮುಂಚೆ ಆ ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುವುದು ಅವಳ ರೂಢಿ. ಹುಡುಗಿಯಾಗಿದ್ದಾಗಿನಿಂದಲೂ ಬರುತ್ತಿದ್ದಳು. ಅಡಿಗೆಮನೆಗೆ ಅವಳನ್ನು ಬಿಡುತ್ತಿರಲಿಲ್ಲ. ಅಂಗಳದಲ್ಲಿ ಕೊಡ ಇಳಿಸುತ್ತಿದ್ದಳು, ನಾನಿಛೋರಿ ಮೇಲಿನಿಂದ ಅವಲಕ್ಕಿ ಹಾಕುತ್ತಿದ್ದಳು, ಅದನ್ನು ಕಟ್ಟಿಕೊಂಡು ಇವಳು ಹೋಗುತ್ತಿದ್ದಳು. ಅವಳ ಎದುರಿಗೆ ಮನೆಯ ಹೆಂಗಸರು ಅತ್ತೆಯನ್ನು ಬೈದರು, ಬಸುರಿನ ವಿಷಯ ಆಡಿದರು, ನಾದಿನಿಯ ಗಂಡನ ಕುಡಿತ ಆಡಿಕೊಂಡರು. ಮೆಟ್ಟಿಲಿನ ಕಲ್ಲಿಗೆ ಕಿವಿ ಇದೆಯೆಂದು ಯಾರು ತಾನೆ ಅಂದುಕೊಳ್ಳುತ್ತಾರೆ?

ಒಂದು ಮಂಜಿನ ಬೆಳಿಗ್ಗೆ ನಿವೃತ್ತ ಹವಾಲ್ದಾರನೊಬ್ಬ ಗಿಂಡಿ ನೋಡಲು ಬಂದ. ಎರಡೂ ಕಡೆ ತಿರುವಿದ ದೊಡ್ಡ ಮೀಸೆ. ಬೇಖಾರತ್ನ ಗಂಭೀರ ಮುಖದಿಂದ ಹೆಂಡತಿಗೆ ಹೇಳಿದ:

"ಮುಸುಡಿ ನೋಡು. ಆಡಿನ ಬಾಲ ಮೂಗಿಗೆ ಕಟ್ಟಿಕೊಂಡು ಬಂದ ಹಾಗಿದೆ."

ನಾನಿಛೋರಿ ಸೆರಗು ಬಾಯಿಗೆ ಒತ್ತಿಕೊಂಡಳು. ಕೆಳಗಿನ ಮೆಟ್ಟಿಲಿನಿಂದ ಇನ್ನೊಂದು ಸದ್ದು ಬಂತು. ಮೂಗಿನಿಂದ ಜಾರಿದ ನಗು. ಅದನ್ನು ಕೆಮ್ಮಿನಲ್ಲಿ ಮುಚ್ಚಿದ ಹಾಗೆ ಆಯಿತು.

ಬೇಖಾರತ್ನ ಕೆಳಗೆ ಬಗ್ಗಿ ನೋಡಿದ. ಮನ್‌ಸರಾ ಪಟ್ಟಿ ಸುತ್ತುತ್ತಾ ರಸ್ತೆಯನ್ನೇ ನೋಡುತ್ತಿದ್ದಳು.

ಆ ಹೊತ್ತಿನಿಂದ ಅವನಿಗೆ ಅನ್ನ ಸೇರಲಿಲ್ಲ. ಕೆಮ್ಮೋ? ನಗುವೋ? ಹವಾಲ್ದಾರನ ಮೀಸೆ ನೋಡಿದರೆ ಯಾರಿಗಾದರೂ ನಗು ಬರುತ್ತದೆ, ಅದಕ್ಕೆ ಭಾಷೆ ಬರಬೇಕೇ? ಆದರೆ ಅವನು ಆ ಮಾತು ಹೇಳಿ ಮುಗಿಸಿದ ಮೇಲೆಯೇ ಯಾಕೆ ಬಂತು?

ಮರುದಿನ ಪರೀಕ್ಷೆ ಇಟ್ಟ. ಅವಳು ಕೂತಿರುವಾಗ ತಾನು ಗಿಂಡಿ ಉಜ್ಜುತ್ತಾ, ಗೋಡೆಯ ಕಡೆ ಮುಖ ಮಾಡಿ, ನೇವಾರಿಯಲ್ಲಿ ಹೇಳಿದ: "ಅಯ್ಯೋ, ಆ ಮಗರ್ ಹೆಂಗಸಿನ ಕಾಲ ಹತ್ತಿರ ಚೇಳು."

ಮನ್‌ಸರಾ ಅಲ್ಲಾಡಲಿಲ್ಲ. ಬೀಡಿ ಎಳೆಯುತ್ತಾ ಕೂತೇ ಇದ್ದಳು. ಅವಳು ಹೋದ ಮೇಲೆ ಅವನು ಉಸಿರು ಬಿಟ್ಟು ಹೆಂಡತಿಗೆ ಹೇಳಿದ, "ಸದ್ಯ. ಅವಳಿಗೆ ಏನೂ ತಿಳಿಯಲ್ಲ."

"ಈ ಚಳೀಲಿ ಚೇಳು ಎಲ್ಲಿಂದ ಬರುತ್ತೆ? ನನಗೇ ನಂಬಿಕೆ ಬರಲಿಲ್ಲ, ಇನ್ನು ಅವಳು ಏಳ್ತಾಳಾ?" ಎಂದಳು ನಾನಿಛೋರಿ.

ಹೌದಲ್ಲ, ಅವಳು ಕಣ್ಣನ್ನೂ ಮಿಟುಕಿಸಲಿಲ್ಲ. ಅಷ್ಟು ಅಲ್ಲಾಡದೆ ಕೂರಬೇಕಾದರೆ ಅಲ್ಲಾಡಬಾರದೆಂದು ಗೊತ್ತಿರಬೇಕು. ಅವನಿಗೆ ಈಗ ಹೆಂಡತಿಯ ಮೇಲೂ ಅನುಮಾನ ಹತ್ತಿತು. "ನೀನೇನಾದ್ರೂ ಅವಳಿಗೆ ಕಲಿಸಿದ್ಯಾ?"

"ನನ್ನ ಹೊಟ್ಟೇಲಿ ಹುಟ್ಟಿದವನಿಗೇ ಕಲಿಸಬೇಡ ಅಂದವರು ನೀವು. ಸೌದೆಯವಳಿಗೆ ಕಲಿಸ್ತೀನಾ?"

ಅವನು ಮತ್ತೆ ಗಿಂಡಿ ಉಜ್ಜತೊಡಗಿದ.

ಗಿಂಡಿಯ ಗುಟ್ಟು ಮಾತ್ರ ಆಗಿದ್ದರೆ ಅವನು ಇಷ್ಟು ಬೆವರುತ್ತಿರಲಿಲ್ಲ. ರೇಡಿಯೋದಲ್ಲಿ ನೇವಾರಿ ವಾರ್ತೆ ನಿಲ್ಲಿಸಿದ ವರ್ಷ ಅದು. ದೇಶಕ್ಕೆ ಒಂದೇ ಮಾತು ಸಾಕೆಂದು ಮೇಲಿನವರು ತೀರ್ಮಾನ ಮಾಡಿದ್ದರು. ಮಾತು ನಿಲ್ಲಿಸುವವರಿಗೆ ಮೊದಲು ಬೇಕಾಗುವುದು ಕದ್ದು ಕೇಳುವ ಕಿವಿಗಳು, ಅವೂ ಪೇಟೆಗೆ ಬಂದಿದ್ದವು. ವಾರ್ತೆ ನಿಂತ ದಿನ ಬೇಖಾರತ್ನ ರೇಡಿಯೋದ ತಲೆ ಮೇಲೆ ಕುಕ್ಕಿ, ಇದೇ ಅಂಗಡಿಯಲ್ಲಿ ನೇವಾರಿಯಲ್ಲೇ ಕೂಗಿದ್ದ: "ಅರಮನೆಗೆ ನಮ್ಮ ಕಂದಾಯ ಬೇಕು, ನಮ್ಮ ಮಾತು ಬೇಡವಂತೆ. ಅವರ ಸಿಂಹಾಸನಕ್ಕೆ ಗೆದ್ದಲು ಹಿಡೀಲಿ!" ಆಗ ಕೆಳಮೆಟ್ಟಿಲ ಮೇಲೆ ಯಾರಿದ್ದರು? ಅವಳೇ ಇದ್ದಳು. ಅವಳು ಇರದ ದಿನ ಯಾವುದು?

ಆ ಚಳಿಗಾಲ ಪೇಟೆಗೆ ಹೊಸ ಇನ್‌ಸ್ಪೆಕ್ಟರ್ ಬಂದ. ಬಯಲು ಸೀಮೆಯ ಕಡೆಯವನು, ಬಿಗಿ ಬೂಟು, ಮೆದು ಮಾತು. ಸಂಜೆ ಭಜನೆಯಲ್ಲಿ ನೇವಾರಿ ಹಾಡು ಹಾಡಿದವರ ಹೆಸರು ಕೇಳಿದನೆಂದು ಸುದ್ದಿ ಹಬ್ಬಿತು. ಭಜನೆಯವರು ಡೋಲಕ್ಕೆ ಬಟ್ಟೆ ಸುತ್ತಿ ಅಟ್ಟಕ್ಕೆ ಏರಿಸಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡುವ ರೀತಿಯೇ ಬೇರೆಯಾಯಿತು.

ಬೇಖಾರತ್ನ ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದ. ಅನುಮಾನ ಹಿಡಿದವನಿಗೆ ಸುಮ್ಮನಿರಲು ಆಗುವುದಿಲ್ಲ. ಮನೆಮನೆಗೆ ಹೋಗಿ, ಬೆಂಕಿ ಕೇಳುವ ನೆಪದಲ್ಲಿ, ತಕ್ಕಡಿ ಕೇಳುವ ನೆಪದಲ್ಲಿ ವಿಚಾರಿಸಿದ: "ಆ ಮನ್‌ಸರಾ ಇದಾಳಲ್ಲ, ನಮ್ಮ ಮಾತು ಅರ್ಥ ಆಗುತ್ತಾ ಅವಳಿಗೆ? ನಿಮಗೇನಾದ್ರೂ ಅನುಮಾನ ಬಂದಿತ್ತಾ?" ಯಾರಿಗೂ ಬಂದಿರಲಿಲ್ಲ. ಅವನು ಕೇಳಿದ ಮೇಲೆ ಎಲ್ಲರಿಗೂ ಬಂತು. ಯಾವ ಮನೆಯಲ್ಲಿ ಏನು ಆಡಿದ್ದೆವೋ ಎಂದು ಹೆಂಗಸರು ಕೆನ್ನೆಗೆ ಕೈಕೊಟ್ಟು ಕೂತರು. ವಾರ ಕಳೆಯುವುದರೊಳಗೆ ಸುದ್ದಿ ಟೋಲು ದಾಟಿ, ಬಿಗಿ ಬೂಟಿನವನ ಕಿವಿಗೂ ಬಿತ್ತು.

ಸಂತೆಯ ದಿನ. ಅಂಗಡಿಯಲ್ಲಿ ಮಗರ್ ಗಿರಾಕಿಗಳು ತುಂಬಿದ್ದರು, ಮದುವೆಯ ತಿಂಗಳು ಬೇರೆ. ಇನ್‌ಸ್ಪೆಕ್ಟರ್ ಇಬ್ಬರು ಪೇದೆಗಳ ಜೊತೆ ಬಂದು, ಗಾದಿಯ ಮೇಲೆ ಕೇಳದೆಯೇ ಕೂತ. ಕೆಳಗೆ ಕೂತಿದ್ದ ಮನ್‌ಸರಾಳ ಕಡೆ ಬೆರಳು ಮಾಡಿದ.

"ಏ ಬಹಿನಿ, ಇಲ್ಲಿ ಬಾ. ನಿನಗೆ ಇವರ ಮಾತು ಬರುತ್ತಂತೆ?"

ಮನ್‌ಸರಾ ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿ, ಉಳಿದ ತುಂಡನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಎದ್ದಳು. "ಯಾರು ಹೇಳಿದ್ರು ಹಜೂರ್?"

"ಇವರ ಪೈಕಿಯವರೇ. ಬರುತ್ತೋ ಇಲ್ಲವೋ?"

ಅವಳು ಬೇಖಾರತ್ನನ ಮುಖ ನೋಡಿದಳು. ಅವನು ಕೈಯಲ್ಲಿದ್ದ ಗಿಂಡಿಯನ್ನು ಎಷ್ಟು ಬಿಗಿ ಹಿಡಿದಿದ್ದನೆಂದರೆ ಬೆರಳು ಬಿಳಚಿದ್ದವು.

"ಬರುತ್ತೆ" ಎಂದಳು.

ಎದುರು ಅಂಗಡಿಯವರು ಕೆಲಸ ಬಿಟ್ಟು ಬಾಗಿಲಿಗೆ ಬಂದರು.

"ಒಳ್ಳೇದು. ನೀನು ಇಲ್ಲೇ ಕೂತಿರ್ತೀಯ. ಈ ಮನುಷ್ಯ ಸರ್ಕಾರದ ಬಗ್ಗೆ, ಅರಮನೆ ಬಗ್ಗೆ ಏನು ಮಾತಾಡ್ತಾನೆ? ಹೆದರಬೇಡ. ಇವರಿಂದ ನಿನಗೇನೂ ಆಗದ ಹಾಗೆ ನೋಡ್ಕೋತೀನಿ."

ಬೇಖಾರತ್ನನ ಕಣ್ಣ ಮುಂದೆ ಜೈಲಿನ ಬಾಗಿಲು ಬಂತು. ಗೆದ್ದಲು ಎಂಬ ಒಂದೇ ಮಾತು ಅವಳ ಬಾಯಿಂದ ಬಿದ್ದರೆ ಅಂಗಡಿ ಹೋಯಿತು, ಮಗನ ಸರ್ಕಾರಿ ಕುರ್ಚಿ ಹೋಯಿತು. ಅವಳ ತುಟಿಯನ್ನೇ ನೋಡುತ್ತಿದ್ದ.

"ಅರಮನೆಯಾ?" ಮನ್‌ಸರಾ ನಕ್ಕಳು. "ಅರಮನೆ ಸುದ್ದಿ ಮಾತಾಡೋಕೆ ಇವರಿಗೆ ಪುರಸೊತ್ತೆಲ್ಲಿ ಹಜೂರ್? ಈ ಸಾಹೂಜಿ ಇಡೀ ದಿನ ಮಾತಾಡೋದು ಒಂದೇ. ಯಾರ ತಲೆಗೆ ತೂತಿನ ಗಿಂಡಿ ಕಟ್ಟೋದು ಅಂತ."

ಯಾರೋ "ಹಾಂ?" ಎಂದರು.

"ಕಾಲಿನ ಮಣ್ಣು ನೋಡ್ತಾರೆ. ದೂರದವರು ಅಂತ ಕಂಡ್ರೆ ಸಾಹುನಿಗೆ 'ಹಿಂದಿನ ಸಾಲಿನದು ತೆಗಿ' ಅಂತಾರೆ. ಹಿಂದಿನ ಸಾಲಿಂದೆಲ್ಲ ತಳದಲ್ಲಿ ಅರಗು. ಮೊನ್ನೆ ಆ ಹವಾಲ್ದಾರ್ ದಾಜು ಮೀಸೆಗೆ ಆಡಿನ ಬಾಲ ಅಂದ್ರು, ಅದನ್ನೂ ಬರ್ಕೊಳ್ಳಿ. ನಾನು ಹುಡುಗಿಯಾಗಿದ್ದಾಗಿಂದ ಕೇಳ್ತಾ ಇದೀನಿ ಹಜೂರ್. ಇದು ಬಿಟ್ಟು ಬೇರೆ ಮಾತು ಇವರ ಬಾಯಲ್ಲಿ ಬಂದದ್ದು ನಾನು ಕೇಳಿಲ್ಲ."

ಮೊದಲು ನಕ್ಕವನು ಇನ್‌ಸ್ಪೆಕ್ಟರೇ. ಹೊಟ್ಟೆ ಹಿಡಿದು ನಕ್ಕ. ಪೇದೆಗಳು ನಕ್ಕರು. ಎದುರು ಅಂಗಡಿಯವರು ನಗಲೋ ಬೇಡವೋ ಎಂದು ಬಾಯಿ ಅರ್ಧ ತೆರೆದು ನಿಂತರು, ಅವರ ಅಂಗಡಿಗಳಲ್ಲೂ ಹಿಂದಿನ ಸಾಲುಗಳಿದ್ದವಲ್ಲ. ನಗದೆ ನಿಂತವರು ಗಿರಾಕಿಗಳು ಮಾತ್ರ. ಅವರು ಒಬ್ಬೊಬ್ಬರಾಗಿ ತಮ್ಮ ಕಾಲು ನೋಡಿಕೊಂಡರು.

"ಸರ್ಕಾರ ಉರುಳಿಸ್ತಾರೆ ಅಂತ ಬಂದೆ. ಇವರು ಗಿಂಡಿ ಕಳ್ಳರು!" ಇನ್‌ಸ್ಪೆಕ್ಟರ್ ಕಣ್ಣೊರೆಸಿಕೊಂಡು ಎದ್ದ. "ಸಾಹು, ಮನೆಗೊಂದು ಗಿಂಡಿ ಕೊಡು. ಮುಂದಿನ ಸಾಲಿಂದು."

ಕೊಟ್ಟದ್ದಕ್ಕೆ ದುಡ್ಡು ಕೊಡಲಿಲ್ಲ. ಗುಡ್ಡದವರಿಗೆ ಅಂಗಡಿಯವನು ಮಾಡಿದ್ದನ್ನೇ ಅಂಗಡಿಯವನಿಗೆ ಬೂಟಿನವನು ಮಾಡಿ ಹೋದ. ಬಡವರಿಗೆ ಆದ ಮೋಸ ಠಾಣೆಯ ಲೆಕ್ಕದಲ್ಲಿ ಅಪರಾಧವೇ ಅಲ್ಲ, ನಗೆಹಬ್ಬ. ಅವತ್ತೂ ಹಾಗೆ, ಇವತ್ತೂ ಹಾಗೆ.

ಗಿರಾಕಿಗಳು ಒಂದೂ ಗಿಂಡಿ ಕೊಳ್ಳದೆ ಇಳಿದು ಹೋದರು. ಮನ್‌ಸರಾ ಮಾತ್ರ ನಿಂತಿದ್ದಳು. ಬೇಖಾರತ್ನ ಗಾದಿಯ ಅಂಚಿಗೆ ಕುಸಿದು ಕೂತು, ಮೊದಲ ಸಲ ಅವಳ ಹತ್ತಿರ ನೇವಾರಿಯಲ್ಲಿ ಮಾತಾಡಿದ.

"ಯಾವಾಗ ಕಲಿತೆ?"

ಅವಳೂ ನೇವಾರಿಯಲ್ಲೇ ಉತ್ತರ ಕೊಟ್ಟಳು. ಕಾಠ್ಮಂಡುವಿನವರು ನಗುವ ಅದೇ ತಾನ್ಸೇನಿನ ಎಳೆತ, ಅವನ ಅಪ್ಪನ ಬಾಯಲ್ಲಿ ಕೇಳಿದ ಹಾಗೆಯೇ ಇತ್ತು.

"ನಮ್ಮಪ್ಪನ ಜೊತೆ ಇಲ್ಲಿಗೆ ಬಂದಿದ್ದೆ, ಅಕ್ಕನ ಮದುವೆಗೆ ಗಿಂಡಿ ತಗೊಳ್ಳೋಕೆ. ನೀವು ಸಾಹುನಿಗೆ ಏನೋ ಅಂದ್ರಿ. ಅಪ್ಪ ಕೇಳಿದ್ದಕ್ಕೆ ಮನೆ ಮಾತು ಅಂದ್ರಿ. ಆ ಸದ್ದು ನನ್ನ ಕಿವೀಲಿ ಹಾಗೇ ಉಳಿದುಬಿಟ್ಟಿತ್ತು. ಮದುವೆಯಲ್ಲಿ ಬೀಗರ ಕಾಲಿಗೆ ಬಿಸಿನೀರು ಹಾಕೋಕೆ ಅದೇ ಗಿಂಡಿ ತಂದ್ರು. ತಳದ ಅರಗು ಕರಗಿ ನೀರು ಭಾವನ ಅಪ್ಪನ ಮಡಿಲಿಗೆ. ತೂತಿನ ಮನೆ ಹುಡುಗಿ ಅಂತ ಅಕ್ಕನ್ನ ಇವತ್ತಿಗೂ ಕರೀತಾರೆ. ನಾನು ನಿಮ್ಮನೆಗೆ ನೀರು ಹೊರೋಕೆ ಸೇರಿ ಎಷ್ಟೋ ವರ್ಷ ಆದಮೇಲೆ ಆ ಸದ್ದಿನ ಅರ್ಥ ಗೊತ್ತಾಯ್ತು."

ನಾನಿಛೋರಿ ಒಳಗಿನಿಂದ ಸಣ್ಣಗೆ ಅಂದಳು, "ಗೊತ್ತಾದ ದಿನವೇ ಕೇಳಬಾರದಿತ್ತಾ ತಾಯಿ?"

"ಕೇಳಿದ್ರೆ ನೀರಿನ ಕೆಲಸ ಹೋಗ್ತಿತ್ತು ಸಾಹುನಿ."

ಬೇಖಾರತ್ನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಸಿಂಹಾಸನದ ಮಾತು... ಅದು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಕರ್ಕೊಂಡು ಹೋಗ್ತಿದ್ರು. ಆಮೇಲೆ ನಮ್ಮ ಗಿಂಡಿ ಯಾರು ಬದಲಾಯಿಸಿ ಕೊಡ್ತಾರೆ?"

ಅವನು ಎದ್ದು ಮುಂದಿನ ಸಾಲಿನ ದೊಡ್ಡ ಗಿಂಡಿ ತೆಗೆದುಕೊಟ್ಟ. ಅವಳು ಸುಮ್ಮನೆ ತೆಗೆದುಕೊಳ್ಳಲಿಲ್ಲ. "ಸಾಹುನಿ, ಬಿಸಿನೀರು ತನ್ನಿ" ಎಂದಳು. ಕುದಿಯುವ ನೀರು ತುಂಬಿಸಿ ಗಿಂಡಿಯನ್ನು ಒಣ ಕಲ್ಲಿನ ಮೇಲಿಟ್ಟು, ಕಿವಿಯ ಹಿಂದಿನ ಬೀಡಿ ತುಂಡು ಹಚ್ಚಿ, ಅದು ಮುಗಿಯುವ ತನಕ ಕಾದಳು. ಕಲ್ಲು ಒದ್ದೆಯಾಗಲಿಲ್ಲ. ನೀರು ಚೆಲ್ಲಿ, ಗಿಂಡಿಯನ್ನು ಸೆರಗಿಗೆ ಕಟ್ಟಿಕೊಂಡು ಇಳಿದು ಹೋದಳು.

ಮುಂದಿನ ಸಂತೆಗೆ ಗಿರಾಕಿಗಳು ಮತ್ತೆ ಬಂದರು. ಗಿಂಡಿ ಬೇಕಲ್ಲ, ಬೇರೆ ಪೇಟೆ ಎರಡು ಗುಡ್ಡ ಆಚೆ. ಆದರೆ ಬಂದವರೆಲ್ಲ ಮನ್‌ಸರಾಳನ್ನು ಜೊತೆಗೆ ಕರೆದುಕೊಂಡೇ ಮೆಟ್ಟಿಲು ಹತ್ತಿದರು. ಬೇಖಾರತ್ನ ಬಾಯಿ ತೆರೆದರೆ ಎಲ್ಲರೂ ಅವಳ ಕಡೆ ತಿರುಗುತ್ತಿದ್ದರು. ಹೆಂಡತಿಗೆ "ದೀಪದ ಬತ್ತಿ ಏರಿಸು" ಎಂದರೂ ಮನ್‌ಸರಾ ಅದನ್ನು ನೇಪಾಳಿಗೆ ತಿರುಗಿಸಿ ಹೇಳಬೇಕಾಗುತ್ತಿತ್ತು. ಕೆಲವು ತಿಂಗಳು ಅವನು ಅಂಗಡಿಯಲ್ಲಿ ನೇವಾರಿಯನ್ನೇ ಬಿಟ್ಟ. ಅರಮನೆ ಅಪ್ಪಣೆ ಹೊರಡಿಸಿಯೂ ಅಂಗಡಿಯೊಳಗಿನಿಂದ ಕೀಳಲಾಗದ ಮಾತನ್ನು ಅವನ ಅರಗೇ ಕಿತ್ತು ಹಾಕಿತು. ಭಾಷೆಯ ಸಭೆಗಳಲ್ಲಿ ಶಾಲು ಹೊದ್ದು ಕೂರುವವರು ಸರ್ಕಾರವನ್ನು ಬೈಯುತ್ತಾರೆ, ಬೈಯಲಿ, ನ್ಯಾಯವೇ. ಈ ಲೆಕ್ಕವನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಒಂದು ದಿನ ನಾನಿಛೋರಿ ರೇಗಿದಳು. "ಇಲ್ಲಿ ನೀವು ಮೂಗ, ಮನೇಲಿ ಮಗನ ಹತ್ತಿರ ನಾನು ಮೂಗಿ. ಇನ್ನು ನಾವಿಬ್ಬರೂ ಯಾರ ಹತ್ತಿರ ಮಾತಾಡೋದು?"

ಅವನು ಆಮೇಲೆ ಹಿಂದಿನ ಸಾಲಿನ ಗಿಂಡಿಗಳನ್ನೆಲ್ಲ ಗೋಣಿಗೆ ತುಂಬಿ, ಕರಗಿಸಿ ಹೊಯ್ಯಲು ಎರಕದವನಿಗೆ ಕಳಿಸಿದ. ಸಂಜೆ ಒಳಗೆ ಬರುತ್ತಿದ್ದ ಮಗನನ್ನು ನೇವಾರಿಯಲ್ಲಿ "ಉಂಡೆಯೇನೋ?" ಎಂದು ಕೇಳಿದ. ಹುಡುಗ ಬೆಪ್ಪಾಗಿ ನೋಡಿ, ನೇಪಾಳಿಯಲ್ಲಿ "ಏನಪ್ಪಾ?" ಎಂದ.

ಬೇಖಾರತ್ನ ಮುದುಕನಾಗುವ ತನಕ ಅಂಗಡಿ ನಡೆಯಿತು. ಗಿಂಡಿ ಮಾರುವ ಮೊದಲು ಬಿಸಿನೀರು ಹಾಕಿ ತೋರಿಸುವುದು ಆ ಅಂಗಡಿಯ ಪದ್ಧತಿಯಾಯಿತು. ಸಂತೆಯ ದಿನ ಮನ್‌ಸರಾ ಕೆಳಮೆಟ್ಟಿಲು ಬಿಟ್ಟು ಗಾದಿಯ ಪಕ್ಕ ಕೂರುತ್ತಿದ್ದಳು. ತಳ ಗಟ್ಟಿ ಇದ್ದರೆ ಅವನು ನೇವಾರಿಯಲ್ಲಿ ಗಟ್ಟಿ ಅನ್ನುತ್ತಿದ್ದ, ಸಣ್ಣ ಕಲೆ ಇದ್ದರೆ ಕಲೆ ಅನ್ನುತ್ತಿದ್ದ, ಅವಳು ಅದನ್ನು ಗಿರಾಕಿಗಳಿಗೆ ತಿಳಿಸುತ್ತಿದ್ದಳು. ಅನುಮಾನ ಮಾತ್ರ ಅವನನ್ನು ಬಿಡಲಿಲ್ಲ, ಜಾಗ ಬದಲಾಯಿಸಿತು ಅಷ್ಟೇ. ಮೊದಲೆಲ್ಲ ಅಂಗಡಿಯವನ ಎದುರು ಅಂಜಿ ನೇಪಾಳಿಯಲ್ಲೇ ತೊದಲುತ್ತಿದ್ದ ಗಿರಾಕಿಗಳು, ಈಗ ಅವಳಿದ್ದಾಳೆಂಬ ಧೈರ್ಯಕ್ಕೆ, ಅವನ ಎದುರಿಗೇ ತಮ್ಮ ಮಗರ್ ಮಾತಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಅವನಿಗೆ ಅದರ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ.

ಹೀಗೇ ಒಂದು ಸಂತೆಯಲ್ಲಿ ಮದುವೆಯ ಗಿಂಡಿಗೆಂದು ಬಂದ ಮುದುಕಿ ಅವನ ಬೋಳು ತಲೆಯನ್ನು ನೋಡಿ, ಏನೋ ಒಂದು ಅಂದಳು. ಜೊತೆಗಿದ್ದ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಮನ್‌ಸರಾ ಕೂಡ ಸೆರಗು ಬಾಯಿಗೆ ಒತ್ತಿಕೊಂಡಳು.

ಬೇಖಾರತ್ನ ಬಿಸಿನೀರಿನ ಪಾತ್ರೆ ಹಿಡಿದವನು ಹಾಗೇ ನಿಂತ. "ಏನಂದಳು?"

"ಏನಿಲ್ಲ ಸಾಹೂಜಿ," ಎಂದಳು ಮನ್‌ಸರಾ. "ಮನೆ ಮಾತು. ನೀವು ನೀರು ಹಾಕಿ."

ಅವನು ಮುದುಕಿಯ ಕಣ್ಣು ನೋಡಿದ, ಹುಡುಗಿಯರ ಮುಖ ನೋಡಿದ. ಆಮೇಲೆ ತಲೆ ಬಗ್ಗಿಸಿ ಗಿಂಡಿಗೆ ನೀರು ಹಾಕಿದ.